ಎರಡನೇ ಸೀಸೆಯ ತುಳಸಿ ಎಣ್ಣೆ

ತುಳಸಿಯನ್ನು ಕುದಿಸುವ ಕೆಲಸಕ್ಕೆ ಸೇರಿದ್ದೇನೆ ಎಂದು ಗೊತ್ತಾದ ಮೇಲೆ ನಮ್ಮ ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ತೆಗೆದುಕೊಂಡು, "ಕುದಿಸು ಹೋಗು. ಯಾರಿಗಾದ್ರೂ ಔಷಧಿ ಆಗೋದಾದ್ರೆ ಆಗ್ಲಿ. ಮಂಗಳವಾರ ಶುಕ್ರವಾರ ಮಾತ್ರ ಗಿಡಕ್ಕೆ ಕೈ ಹಾಕ್ಬೇಡ," ಎಂದರು. ಹಾಕುವುದಿಲ್ಲ ಎಂದೆ. ಅವರು ಹೇಳದಿದ್ದರೂ ಹಾಕುತ್ತಿರಲಿಲ್ಲ. ನನ್ನ ತವರಿನಲ್ಲೂ ಅದೇ ರೂಢಿ. ಆ ಎರಡು ವಾರ ತುಳಸಿಗೆ ನೀರು ಹಾಕುತ್ತೇವೆ, ದೀಪ ಹಚ್ಚುತ್ತೇವೆ, ಎಲೆ ಕೀಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆಲ್ಲ ಇದೇ ಬುಡ.

ಕೆಲಸ ಜೆ.ಪಿ. ನಗರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ. ಗಿಡಗಳಿಂದ ತೆಗೆದ ಎಣ್ಣೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ ಎಂದು ನೋಡುವ ಯೋಜನೆ. ನಾವಿದ್ದದ್ದು ಮೂವರು: ಯೋಜನೆಯ ಮುಖ್ಯಸ್ಥೆ ಮೇಡಂ, ಅವರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ, ಸಹಾಯಕಿಯಾಗಿ ನಾನು. ಹುಡುಗಿ ಬಾಗಲಕೋಟೆ ಕಡೆಯವಳು, ಸುದ್ದಗುಂಟೆಪಾಳ್ಯದಲ್ಲಿ ಪಿ.ಜಿ.ಯಲ್ಲಿದ್ದಳು. ನಾನು ಇಪ್ಪತ್ತು ವರ್ಷದ ಹಿಂದೆ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅಡುಗೆಮನೆಗೆ ಹೋದವಳು. ಗಾಜಿನ ಸಾಮಾನು ತೊಳೆಯುವುದು, ಎಲೆ ತರುವುದು, ಎಣ್ಣೆ ಇಳಿಸುವುದು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಪಾಲು. ಕೋಶಗಳನ್ನು ಮುಟ್ಟುವುದು ಹುಡುಗಿಯೊಬ್ಬಳೇ.

ಸೇರಿದ ಮೊದಲ ಶುಕ್ರವಾರ, ರೂಢಿಬಲದಿಂದ, ಎಲೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ಒಂದು ಬೊಟ್ಟು ಕುಂಕುಮ ಇಟ್ಟೆ. ಮೇಡಂ ನೋಡಿದರು.

"ಇದು ಬಹಳ ಸೂಕ್ಷ್ಮ ತಕ್ಕಡಿ ಕಣ್ರೀ. ನೀವಿಟ್ಟ ಕುಂಕುಮದ ತೂಕನೂ ತೋರಿಸುತ್ತೆ. ಪೂಜೆ ಪುನಸ್ಕಾರ ಎಲ್ಲ ಮನೇಲಿ ಇಟ್ಕೊಳ್ಳಿ."

ಗದರಿಸಿದ್ದಲ್ಲ. ಆದರೂ ಅಲ್ಲಿಂದಾಚೆಗೆ ನನ್ನ ದೇವರ ಮಾತನ್ನು ಆ ಕೋಣೆಯೊಳಗೆ ತೆಗೆಯಬಾರದು ಎಂದುಕೊಂಡೆ.

ತುಳಸಿ ತಲಘಟ್ಟಪುರದಿಂದ ಬರುತ್ತಿತ್ತು. ಅಲ್ಲಿ ಒಬ್ಬ ಯಜಮಾನರು ಹೊಲವನ್ನೆಲ್ಲ ಸೈಟು ಮಾಡಿ ಮಾರಿ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಒಂದು ಪಟ್ಟಿ ಉಳಿಸಿಕೊಂಡಿದ್ದರು. ಅದರಲ್ಲಿ ಹೂವಿನವರಿಗಾಗಿ ಕೃಷ್ಣ ತುಳಸಿ ಬೆಳೆಯುತ್ತಿದ್ದರು. ಔಷಧಿ ಹೊಡೆಯುತ್ತಿರಲಿಲ್ಲ, ಅದಕ್ಕೇ ಮೇಡಂ ಅವರನ್ನು ಆರಿಸಿದ್ದು. ನಾನು ಬೆಳಿಗ್ಗೆ ಐದೂಮುಕ್ಕಾಲಿಗೆ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ತಲಘಟ್ಟಪುರಕ್ಕೆ ಹೋಗಿ, ಕಿತ್ತು, ಬಟ್ಟೆ ಚೀಲದಲ್ಲಿ ತುಂಬಿಕೊಂಡು ವಾಪಸು ಜೆ.ಪಿ. ನಗರದಲ್ಲಿ ಇಳಿಯುತ್ತಿದ್ದೆ. ಚೀಲ ತಪಾಸಣೆಯ ಹುಡುಗಿ ಪ್ರತಿ ಸಲ ಅದನ್ನೇ ಕೇಳುತ್ತಿದ್ದಳು: "ಏನ್ ಆಂಟಿ, ಬೃಂದಾವನನೇ ಕಿತ್ಕೊಂಡ್ ಹೊರಟ್ರಾ?"

ಮೇಡಂ ಬರೆದುಕೊಟ್ಟ ಕ್ರಮ ಹೀಗಿತ್ತು. ಬೆಳಿಗ್ಗೆ ಆರೂವರೆಯ ಆಸುಪಾಸು ಕೀಳಬೇಕು. ಎರಡು ಗಂಟೆಯೊಳಗೆ ಬಟ್ಟಿಗೆ ಹಾಕಬೇಕು. ಅರ್ಧ ಕೆ.ಜಿ. ಎಲೆ, ಅದು ಮುಳುಗುವಷ್ಟು ನೀರು, ದುಂಡು ತಳದ ಗಾಜಿನ ಫ್ಲಾಸ್ಕಿನಲ್ಲಿ. ಕೆಳಗೆ ಬಿಸಿ, ಮೇಲೆ ತಣ್ಣೀರು ಹರಿಯುವ ಕೊಳವೆ. ಮೂರು ಗಂಟೆ ಕುದಿದ ಮೇಲೆ ಆವಿ ತಣಿದು, ಗೆರೆ ಹಾಕಿದ ಸಣ್ಣ ನಳಿಕೆಯಲ್ಲಿ ನೀರಿನ ಮೇಲೆ ತಿಳಿಹಳದಿ ಎಣ್ಣೆ ನಿಲ್ಲುತ್ತದೆ. ಅರ್ಧ ಕೆ.ಜಿ.ಗೆ ಒಂದು ಚಮಚದ ಕಾಲು ಭಾಗ ಬಂದರೆ ಪುಣ್ಯ. ಅದನ್ನು ಕಂದು ಸೀಸೆಗೆ ಇಳಿಸಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ, ನಂಬರ್ ಹಾಕಿ ಫ್ರಿಜ್ಜಿನಲ್ಲಿ ಇಡಬೇಕು.

ಈ ಬಟ್ಟಿ ಯಂತ್ರ ನಮ್ಮದಲ್ಲ, ರಸಾಯನಶಾಸ್ತ್ರ ವಿಭಾಗದ್ದು. ನಮಗೆ ಕೊಟ್ಟದ್ದು ಬುಧವಾರ ಮತ್ತು ಶುಕ್ರವಾರ.

ಶುಕ್ರವಾರ ನಾನು ಕೀಳುವಂತಿಲ್ಲ. ವಾರ ಬದಲಾಯಿಸಿ ಎನ್ನಲು ಕಾರಣ ಹೇಳಬೇಕು, ಹೇಳಿದರೆ ಮೇಡಂ ಕುಂಕುಮದ ಹಾಗೇ ಏನಾದರೂ ಅನ್ನುತ್ತಾರೆ. ಯಜಮಾನರ ಮನೆಯವರ ಕೈಲಿ ಕೀಳಿಸಬಹುದಿತ್ತು. ಆದರೆ ನನಗೆ ಬೇಡವಾದದ್ದನ್ನು ಇನ್ನೊಬ್ಬರ ಕೈಲಿ ಮಾಡಿಸುವುದು ಯಾವ ನ್ಯಾಯ ಅನ್ನಿಸಿತು. ಸುಲಭದ ದಾರಿ ಹಿಡಿದೆ. ಗುರುವಾರ ಸಂಜೆ, ಹೊತ್ತು ಮುಳುಗುವ ಮುಂಚೆ, ತಲಘಟ್ಟಪುರಕ್ಕೆ ಹೋದೆ.

"ಶುಕ್ರವಾರ ನಾವೂ ಮುಟ್ಟಲ್ಲ ಕಣಮ್ಮಾ," ಎಂದರು ಯಜಮಾನರು. "ಹೂವಿನೋರಿಗೆಲ್ಲ ಇವತ್ ಸಂಜೆನೇ ಕೊಟ್ ಕಳಿಸ್ಬಿಡ್ತೀವಿ. ಬಾಡೋಗುತ್ತೆ ಅಂತ ಬೈತಾರೆ. ಬೈಲಿ."

ರಾತ್ರಿ ಎಲೆಯನ್ನು ಅಡುಗೆಮನೆ ಕಟ್ಟೆಯ ಮೇಲೆ ಒಣ ಪಂಚೆಯಲ್ಲಿ ಹರಡಿದೆ. ತೂಕ ಇಳಿಯುತ್ತದೆಂದು ಗೊತ್ತಿತ್ತು, ಎರಡು ಹಿಡಿ ಹೆಚ್ಚೇ ಕಿತ್ತಿದ್ದೆ. ಬೆಳಿಗ್ಗೆ ಅರ್ಧ ಕೆ.ಜಿ. ತೂಗಿ ಹಾಕಿದೆ. ಆ ದಿನ ನಳಿಕೆಯಲ್ಲಿ ಎಣ್ಣೆ ಬುಧವಾರಕ್ಕಿಂತ ಎರಡು ಗೆರೆ ಮೇಲೆ ನಿಂತಿತು. ಅಮ್ಮನವರ ವಾರ, ಅವಳೇ ಕೊಟ್ಟಳು ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ರಿಜಿಸ್ಟರ್ ತೆಗೆದು, ಎರಡನೇ ಸೀಸೆಯ ಎದುರಿಗೆ, "ಕಿತ್ತದ್ದು: ಶುಕ್ರವಾರ ಬೆಳಿಗ್ಗೆ 6.30" ಎಂದು ಬರೆದೆ. ಒಂದು ರಾತ್ರಿಯಲ್ಲಿ ಎಲೆ ಬೇರೆಯಾಗಿಬಿಡುತ್ತದೆಯೇ ಎಂದುಕೊಂಡಿದ್ದೆ.

ಮೊದಲ ಸೀಸೆ, ಅಂದರೆ ಬುಧವಾರದ್ದು, ಎಣ್ಣೆಯಲ್ಲಿ ಏನೇನಿದೆ ಎಂದು ತಿಳಿಯಲು ಹೊರಗಿನ ಪ್ರಯೋಗಾಲಯಕ್ಕೆ ಹೋಯಿತು. ಎರಡನೆಯದು ಹುಡುಗಿಯ ಕೈಗೆ ಬಂತು.

ಅವಳ ಕೆಲಸ ನೋಡಲು ನನಗೆ ಇಷ್ಟ. ಸ್ತನ ಕ್ಯಾನ್ಸರಿನ ಕೋಶಗಳನ್ನು ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ, ಮೈ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಸಾಕುತ್ತಿದ್ದಳು. ಪ್ರಯೋಗದ ದಿನ ತೊಂಬತ್ತಾರು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಅವನ್ನು ಹಾಕಿ, ಪಡ್ಡು ಹಂಚಿಗೆ ಹಿಟ್ಟು ಬಿಡುವ ಹಾಗೆ, ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದ ಎಣ್ಣೆ ಬಿಡುತ್ತಿದ್ದಳು. ಒಂದು ಸಾಲಿಗೆ ಎಣ್ಣೆಯೇ ಇಲ್ಲ, ಅದು ಹೋಲಿಕೆಗೆ. ಮಾರನೆಯ ದಿನ ಒಂದು ಹಳದಿ ದ್ರಾವಣ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಸತ್ತ ಕಡೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಎರಡನೇ ಸೀಸೆಯ ತಟ್ಟೆಯಲ್ಲಿ ಹೋಲಿಕೆಯ ಸಾಲು ಕಡು ನೇರಳೆ, ಎಣ್ಣೆಯ ಸಾಲುಗಳು ಒಂದಾದ ಮೇಲೊಂದು ತಿಳಿಯಾಗುತ್ತ ಕೊನೆಗೆ ಬರೀ ಹಳದಿ. ಮೂರು ಸಲ ಮಾಡಿದಳು, ಮೂರು ಸಲವೂ ಹಾಗೇ.

"ಆಂಟಿ, ನೋಡ್ ಬರ್ರಿ! ನಿಮ್ಮ ತುಳಸವ್ವ ಏನ್ ಮಾಡ್ಯಾಳ!" ಎಂದು ನನ್ನ ಸೋಪಿನ ಕೈ ಹಿಡಿದು ಎಳೆದುಕೊಂಡು ಹೋದಳು.

ಮೇಡಂ ಅದನ್ನು ಒಂದು ಸಮ್ಮೇಳನದಲ್ಲಿ ಪೋಸ್ಟರ್ ಮಾಡಿ ತೋರಿಸಲು ಅವಳಿಗೆ ಒಪ್ಪಿಗೆ ಕೊಟ್ಟರು. ತೋರಿಸಿಯೂ ಬಂದಳು. ಸುದ್ದಿ ನಮ್ಮ ಬೀದಿಗೂ ಹೇಗೋ ಮುಟ್ಟಿತು. ಪಕ್ಕದ ಮನೆಯವರು, "ಹಾಗಾದ್ರೆ ನಾವೂ ಎಣ್ಣೆ ತಗೋಬಹುದಾ?" ಎಂದು ಕೇಳಿದರು. ಬೇಡ ಎಂದೆ. ತಟ್ಟೆಯಲ್ಲಿ ಕೋಶ ಸಾಯುವುದಕ್ಕೂ ಮೈಯಲ್ಲಿ ರೋಗ ವಾಸಿಯಾಗುವುದಕ್ಕೂ ಬಹಳ ದೂರ. ಆ ತಟ್ಟೆಗೆ ಫಿನಾಯಿಲ್ ಹಾಕಿದರೂ ಕೋಶ ಸಾಯುತ್ತದೆ. ಇದು ಮೇಡಂ ಹೇಳಿಕೊಟ್ಟ ಮಾತು.

ಮುಂದಿನ ವಾರಗಳಲ್ಲಿ ರಸಾಯನಶಾಸ್ತ್ರದವರಿಗೆ ಪ್ರಾಯೋಗಿಕ ಪರೀಕ್ಷೆ ಬಂತು, ಶುಕ್ರವಾರ ನಮಗೆ ತಪ್ಪಿತು. ನನಗೆ ಒಳಗೊಳಗೇ ನಿರಾಳ. ಮೂರನೇ ಸೀಸೆ, ನಾಲ್ಕನೇ ಸೀಸೆ, ಎರಡೂ ಬುಧವಾರದವು. ಬುಧವಾರ ಬೆಳಿಗ್ಗೆಯೇ ಕಿತ್ತು, ಇದ್ದದ್ದು ಇದ್ದಂತೆ ಬರೆದೆ.

ಮೂರನೇ ಸೀಸೆಯ ತಟ್ಟೆ ಪೂರ್ತಿ ನೇರಳೆಯಾಯಿತು. ಅತಿ ಹೆಚ್ಚು ಎಣ್ಣೆ ಬಿಟ್ಟ ಸಾಲಿನಲ್ಲಿ ಮಾತ್ರ ಒಂದಿಷ್ಟು ಮಂಕು.

ಹುಡುಗಿ ಮೊದಲು ನಕ್ಕಳು. "ನಂದೇ ಏನೋ ತಪ್ಪಾಗೇತ್ರಿ." ಮತ್ತೆ ಮಾಡಿದಳು. ಅದೇ. ನಾಲ್ಕನೇ ಸೀಸೆ ತೆಗೆದಳು. ಅದೇ.

ಅಲ್ಲಿಂದ ಎರಡು ತಿಂಗಳು ನಡೆದದ್ದು ಹುಡುಕಾಟ. ಕೋಶ ಹಳೆಯದಾಯಿತೇನೋ ಎಂದು ಶೀತಲ ಪೆಟ್ಟಿಗೆಯಿಂದ ಹೊಸ ಕೋಶ ತೆಗೆದು ಬೆಳೆಸಿದಳು. ಎಣ್ಣೆಯನ್ನು ನೀರಿನೊಡನೆ ಬೆರೆಸುವ ದ್ರಾವಕ ಬದಲಾಯಿಸಿದಳು. ತುಳಸಿ ಎಣ್ಣೆ ಹಾರುವ ಎಣ್ಣೆ. ಒಂದು ಗುಳಿಯ ಆವಿ ಪಕ್ಕದ ಗುಳಿಗೆ ಹೋಗುತ್ತಿರಬಹುದೆಂದು ತಟ್ಟೆಗೆ ಅಂಟು ಹಾಳೆ ಹೊದಿಸಿದಳು, ಸಾಲು ಬಿಟ್ಟು ಸಾಲು ತುಂಬಿದಳು. ಅಳತೆಯ ಪಿಪೆಟ್ಟುಗಳನ್ನೆಲ್ಲ ಮರುಪರೀಕ್ಷೆಗೆ ಕಳಿಸಿದಳು. ಹಳದಿ ದ್ರಾವಣದ ಹೊಸ ಪೊಟ್ಟಣ ಒಡೆದಳು. ಪ್ರತಿ ಸಲವೂ ಬದಲಾಯಿಸಿದ್ದು ಒಂದೇ ಒಂದು, ಕ್ರಮವಾಗಿ. ಪ್ರತಿ ಸಲವೂ ತಟ್ಟೆ ನೇರಳೆ. ಎರಡನೇ ಸೀಸೆಯಲ್ಲಿ ಉಳಿದದ್ದು ತಳದ ಕೆಲವು ಹನಿ, ಇನ್ನೊಂದು ತಟ್ಟೆಗೆ ಸಾಲದು.

ನಾನು ಆಗಲೂ, ನನ್ನ ರೂಢಿಯಂತೆ, ದೇವರ ದಯೆಯನ್ನು ದಿನಕ್ಕೊಂದರಂತೆ ಎಣಿಸಿಕೊಳ್ಳುತ್ತಿದ್ದೆ. ಇವತ್ತು ಕರೆಂಟು ಹೋಗಲಿಲ್ಲ. ಇವತ್ತು ಫ್ಲಾಸ್ಕು ಬಿರಿಯಲಿಲ್ಲ. ಇವತ್ತು ಹುಡುಗಿ ಮಧ್ಯಾಹ್ನ ಊಟ ಮಾಡಿದಳು.

ಹೊರಗಿನಿಂದ ಮೊದಲ ಸೀಸೆಯ ವರದಿ ಬಂತು. ಮೇಡಂ ಮೂರನೆಯದನ್ನೂ ಕಳಿಸಿ ವರದಿ ತರಿಸಿದರು. ಎರಡೂ ಹೆಚ್ಚುಕಡಿಮೆ ಒಂದೇ, ಎರಡನೆಯದೂ ಹಾಗೇ ಇರಬೇಕೆಂದುಕೊಂಡರು. ಆ ಎರಡು ಹಾಳೆ ಮುಂದಿಟ್ಟುಕೊಂಡು ಹುಡುಗಿಯನ್ನು ಕರೆದರು. ನಾನು ಸಿಂಕಿನ ಹತ್ತಿರ ಇದ್ದೆ.

"ಎಣ್ಣೆ ಒಂದೇ. ಕೋಶ ಒಂದೇ. ಬದಲಾಗಿರೋದು ಏನು, ನೀನೇ ಹೇಳು."

"ಗೊತ್ತಿಲ್ರಿ ಮೇಡಂ."

"ಮೊದಲನೇ ಸಲ ಪ್ಲೇಟನ್ನ ಮಷೀನ್ ಓದಿದ ಮೂಲ ಫೈಲ್ ಎಲ್ಲಾ ಇದೆಯಾ?"

"ಅದಾವ್ರಿ." ಹಾಳೆಗಳಿಂದ ತಲೆ ಎತ್ತಿ, "ನಾ ಸುಳ್ಳ ಬರದು ಕೂಡ್ಸೀನಿ ಅಂತ ಅಂದ್ಕೊಂಡ್ರೇನ್ರಿ?"

"ನಾನು ಅಂದ್ಕೊಳ್ಳೋದು ಬಿಡು. ಪೋಸ್ಟರ್ ನೋಡಿದೋರು ಏನಂತಾರೆ? ಮುಂದಿನ ವಾರದೊಳಗೆ ಸಮ್ಮೇಳನದ ಸಮಿತಿಗೆ ಒಂದು ಪತ್ರ ಬರಿ. ಮೊದಲಿನ ಫಲಿತಾಂಶ ಮತ್ತೆ ಸಿಗಲಿಲ್ಲ, ಹಿಂದಕ್ಕೆ ತಗೊಳ್ತಾ ಇದೀನಿ ಅಂತ. ಆ ಅಧ್ಯಾಯ ಬಿಟ್ಟು ಥೀಸಿಸ್ ಮುಗಿಸೋಣ."

ಮೇಡಂ ಕೆಟ್ಟವರಲ್ಲ. ಅವರಿಗಿದ್ದ ಲೆಕ್ಕದ ಪ್ರಕಾರ ಬೇರೆ ಉತ್ತರವೇ ಇರಲಿಲ್ಲ. ಹುಡುಗಿ ನನ್ನ ಹತ್ತಿರ ಬಂದು ಸ್ಟೂಲಿನ ಮೇಲೆ ಕುಳಿತು ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಅಳಲಿಲ್ಲ.

ಮಾರನೆಯ ದಿನ ಮೇಡಂ ಫ್ರಿಜ್ಜು ಸ್ವಚ್ಛ ಮಾಡಿ, ಖಾಲಿ ಸೀಸೆಗಳನ್ನು ತೆಗೆದುಬಿಡಿ ಎಂದರು. ಎರಡನೇ ಸೀಸೆಯನ್ನು ತೊಳೆಯಲು ಮುಚ್ಚಳ ತೆಗೆದೆ. ಲವಂಗದ ವಾಸನೆ ಬಂತು. ಸಾಮಾನ್ಯವಾಗಿ ತುಳಸಿ ಎಣ್ಣೆಯಲ್ಲಿ ಲವಂಗದ ಘಮ ಇದ್ದೇ ಇರುತ್ತದೆ. ಇದು ಹಾಗಲ್ಲ, ಪಲಾವಿಗೆ ಲವಂಗ ಕುಟ್ಟುವಾಗ ಮೂಗಿಗೆ ಹೊಡೆಯುತ್ತದಲ್ಲ, ಆ ತರಹ. ಅನುಮಾನ ಬಂದು ಮೂರನೆಯದರ ಮುಚ್ಚಳ ತೆಗೆದೆ. ಅದರಲ್ಲಿ ಹಸಿ ಎಲೆ ಹಿಸುಕಿದಾಗ ಬರುವ ಚುರುಕು ವಾಸನೆ ಮುಂದೆ, ಲವಂಗ ಹಿಂದೆ. ನಾಲ್ಕನೆಯದೂ ಹಾಗೇ. ಇಪ್ಪತ್ತು ವರ್ಷ ಮಸಾಲೆ ಡಬ್ಬಿ ತೆಗೆದು ಮುಚ್ಚಿದ ಮೂಗು, ಮೋಸ ಹೋಗುವುದಿಲ್ಲ.

ರಿಜಿಸ್ಟರ್ ತೆಗೆದೆ. ನನ್ನದೇ ದುಂಡು ಅಕ್ಷರ: "ಶುಕ್ರವಾರ ಬೆಳಿಗ್ಗೆ 6.30."

ಪಂಚೆಯ ಮೇಲೆ ರಾತ್ರಿಯಿಡೀ ಬಾಡಿದ ಎಲೆ ಕಣ್ಣ ಮುಂದೆ ಬಂತು. ಬಾಡುವಾಗ ಹಗುರಾದದ್ದು ಹಾರಿಹೋಗಿ, ಗಟ್ಟಿಯಾದದ್ದು ಉಳಿದಿರಬೇಕು. ಮೇಡಂ ಹೇಳಿದ್ದು ತಪ್ಪು, ಎಣ್ಣೆ ಒಂದೇ ಅಲ್ಲ. ಒಂದೇ ಅಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಆ ದಿನವೇ ಹೇಳಿದೆ ಎಂದು ಬರೆಯಬೇಕೆಂದು ಆಸೆ. ಹೇಳಲಿಲ್ಲ. ಸೀಸೆಯನ್ನು ತೊಳೆಯದೆ ಮುಚ್ಚಳ ಬಿಗಿದು ಒಳಗೆ ಇಟ್ಟು ಮನೆಗೆ ಬಂದೆ. ಮೂರು ದಿನ ಸುಮ್ಮನಿದ್ದೆ. ಕೆಲಸ ಹೋಗುತ್ತದೆ ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ದೇವರ ಹೆಸರಿನಲ್ಲಿ ಮಾಡಿದ್ದನ್ನು ಸುಳ್ಳು ಬರೆದು ಮುಚ್ಚಿದೆ ಎಂದು ಹೇಳುವ ನಾಚಿಕೆ. ಶುಕ್ರವಾರ ಬೆಳಿಗ್ಗೆ ತುಳಸಿ ಕಟ್ಟೆ ಸುತ್ತ ರಂಗೋಲಿ ಹಾಕುವಾಗ ಅತ್ತೆ ಬಾಗಿಲಲ್ಲಿ ನಿಂತು, "ಏನಾಗಿದೆ ನಿಂಗೆ, ಎಳೆ ಎಲ್ಲ ಸೊಟ್ಟ ಹೋಗ್ತಿದೆ," ಎಂದರು. ಅವರಿಗೆ ಎಲ್ಲ ಹೇಳಿದೆ.

"ಕೀಳಬೇಡ ಅಂದಿದ್ದೆ," ಎಂದರು ಅತ್ತೆ. "ಸುಳ್ಳು ಬರಿ ಅಂದಿದ್ನಾ?"

ಶನಿವಾರ ಹುಡುಗಿ ಪತ್ರ ಬರೆದು ತಂದಿದ್ದಳು. ಮೇಡಂ ಓದಿ ಒಂದು ಸಾಲು ತಿದ್ದಿ, ಸಹಿಗೆ ಪೆನ್ನು ಕೊಟ್ಟರು. ನಾನು ಎರಡನೇ ಸೀಸೆಯನ್ನೂ ಮೂರನೇ ಸೀಸೆಯನ್ನೂ ತಂದು ಆ ಪತ್ರದ ಮೇಲೆ ಇಟ್ಟೆ.

"ಮೇಡಂ, ಎರಡನೇದು ಶುಕ್ರವಾರ ಬೆಳಿಗ್ಗೆ ಕಿತ್ತಿದ್ದಲ್ಲ."

"ಮತ್ತೆ?"

"ಗುರುವಾರ ಸಂಜೆ. ರಾತ್ರಿಯೆಲ್ಲ ಮನೇಲಿ ಹರಡಿದ್ದೆ. ಶುಕ್ರವಾರ ನಾನು ತುಳಸಿ ಕೀಳಲ್ಲ."

ಮೇಡಂ ಕನ್ನಡಕ ತೆಗೆದರು. "ರಿಜಿಸ್ಟರ್‌ನಲ್ಲಿ ಆರೂವರೆ ಅಂತಿದೆ."

"ಸುಳ್ಳು. ನಾನೇ ಬರೆದಿದ್ದು. ಎರಡೂ ಮೂಸಿ ನೋಡಿ."

ಮೂಸಿದರು. ಹುಡುಗಿಗೆ ಕೊಟ್ಟರು. ಅವಳು ಮೂಸಿ, ಸೀಸೆಯನ್ನು ಕೆಳಗಿಡದೆ, ನನ್ನನ್ನೇ ನೋಡಿದಳು.

"ಎರಡ್ ತಿಂಗ್ಳಾತ್ರಿ ಆಂಟಿ. ಎರಡ್ ತಿಂಗ್ಳ ನಾ ನನ್ನ ಕೈನ ನಂಬ್ಲಿಲ್ರಿ."

ಅವಳು ಎದ್ದು ಹೊರಗೆ ಹೋದಳು.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದರು ಮೇಡಂ.

"ನೀವು ನಗ್ತೀರಿ ಅಂತ."

"ನಗ್ತಿದ್ದೆ. ನಕ್ಕು, ಗುರುವಾರ ಅಂತ ಬರ್ಕೊಳ್ಳಿ ಅಂತಿದ್ದೆ. ಅಷ್ಟೇ ಅಲ್ವಾ ಇರೋದು?"

ಕೆಂಪು ಪೆನ್ನು ಕೊಟ್ಟರು. ಹಳೆಯ ಸಾಲನ್ನು ಅಳಿಸಬಾರದು, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಮಾಡಿದೆ. ಪತ್ರವನ್ನು ಮೇಡಂ ಡ್ರಾಯರಿಗೆ ಹಾಕಿದರು, ಹರಿಯಲಿಲ್ಲ. "ನಿಮ್ಮ ಮೂಗು ಸಾಕ್ಷಿ ಅಲ್ಲ. ಮಾಡಿ ನೋಡೋಣ," ಎಂದರು.

ಮುಂದಿನ ಬುಧವಾರ ಒಂದೇ ಸಾಲಿನ ಗಿಡಗಳಿಂದ ದೊಡ್ಡ ಚೀಲ ತುಂಬ ಕಿತ್ತು ತಂದೆ. ಅರ್ಧ ಕೆ.ಜಿ. ಆಗಲೇ ಬಟ್ಟಿಗೆ ಹೋಯಿತು. ಉಳಿದದ್ದನ್ನು ಅದೇ ಪಂಚೆಯಲ್ಲಿ, ಪ್ರಯೋಗಾಲಯದ ಮೇಜಿನ ಮೇಲೆ ಹರಡಿ, ಮೇಡಂ ರಸಾಯನಶಾಸ್ತ್ರದವರನ್ನು ಕೇಳಿಕೊಂಡು ಪಡೆದ ಗುರುವಾರ ಬೆಳಿಗ್ಗೆ ಅರ್ಧ ಕೆ.ಜಿ. ತೂಗಿ ಇಳಿಸಿದೆ. ಎಣ್ಣೆ ಮತ್ತೆ ಎರಡು ಗೆರೆ ಹೆಚ್ಚು: ನೀರು ಆರಿದ್ದರಿಂದ ಅದೇ ತೂಕಕ್ಕೆ ಎಲೆ ಹೆಚ್ಚು ಹಿಡಿದಿತ್ತು. ಈ ಸಲ ಕೈ ಮುಗಿಯಲಿಲ್ಲ, ಬರೆದುಕೊಂಡೆ. ಮೇಡಂ ಸೀಸೆಗಳ ನಂಬರ್ ಕಿತ್ತು ಅ, ಆ ಎಂದು ಚೀಟಿ ಅಂಟಿಸಿ, ಯಾವುದು ಯಾವುದೆಂದು ಬರೆದು ಲಕೋಟೆಯಲ್ಲಿ ಅಂಟಿಸಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಹುಡುಗಿಗೆ ಸೀಸೆ ಮೂಸಬಾರದೆಂದು ಅಪ್ಪಣೆ. ಅವಳು ಆ ದಿನ ಎರಡು ಮಾಸ್ಕು ಹಾಕಿಕೊಂಡು, ಮೇಲೆ ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡಿದಳು. ನನ್ನೊಡನೆ ಮಾತಿರಲಿಲ್ಲ. ಸೀಸೆ ಬೇಕಾದರೆ ಕೈ ಚಾಚುತ್ತಿದ್ದಳು, ನಾನು ಕೊಡುತ್ತಿದ್ದೆ.

ಮೂರು ತಟ್ಟೆ, ಮೂರು ವಾರ. ಮೂರರಲ್ಲೂ 'ಅ' ನೇರಳೆ, 'ಆ' ಹಳದಿಗೆ ಇಳಿದಿತ್ತು. ಲಕೋಟೆ ಒಡೆದರು. 'ಆ' ಬಾಡಿದ ಎಲೆ.

ಹುಡುಗಿ ಬಲಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟಳು. ಮೇಡಂ ಡ್ರಾಯರಿನಿಂದ ಪತ್ರ ತೆಗೆದು ಅವಳ ಕೈಗೇ ಕೊಟ್ಟರು. "ನಾನು ಆವತ್ತು ಕೇಳಿದ್ದು ತಪ್ಪು," ಎಂದರು. ಹುಡುಗಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

ಇಲ್ಲಿಗೆ ಔಷಧಿ ಸಿಕ್ಕಿತು ಎಂದು ಯಾರೂ ತಿಳಿಯಬಾರದು. ಆಮೇಲೆ ಅವಳು ರೋಗವಿಲ್ಲದ ಚರ್ಮದ ಕೋಶಗಳ ಮೇಲೂ ಅದೇ ಎಣ್ಣೆ ಬಿಟ್ಟು ನೋಡಿದಳು. ಅವೂ ಹೆಚ್ಚುಕಡಿಮೆ ಅಷ್ಟೇ ಸತ್ತವು. ಕಳ್ಳನನ್ನೂ ಮನೆಯವರನ್ನೂ ಒಂದೇ ದೊಣ್ಣೆಯಲ್ಲಿ ಹೊಡೆಯುವ ಎಣ್ಣೆ ಅದು. ಅತ್ತೆಗೆ ಹೇಳಿದಾಗ ಅವರಿಗೆ ಬೇಸರವಾಯಿತು. ನನಗೂ ಸ್ವಲ್ಪ ಆಯಿತು. ಆದರೆ ಎಲೆ ಬಾಡುವುದರಿಂದ ಎಣ್ಣೆ ಎಷ್ಟು ಬದಲಾಗುತ್ತದೆ ಎಂಬುದೇ ಹುಡುಗಿಯ ಥೀಸಿಸ್ಸಿನ ಒಂದು ಅಧ್ಯಾಯವಾಯಿತು. ಕೀಳುವ ಹೊತ್ತು ಬರೆಯದೆ ಎಣ್ಣೆಗಳನ್ನು ಹೋಲಿಸಬಾರದು ಎಂದು ಅದರ ಕೊನೆಯಲ್ಲಿ ಬರೆದಳು. ನನ್ನ ಕೆಲಸ ಉಳಿಯಿತು. ಎರಡನೇ ಸೀಸೆಯನ್ನು ಆವತ್ತು ತೊಳೆಯದೆ ಇಟ್ಟದ್ದನ್ನು ನಾನು ಈಗಲೂ ದೊಡ್ಡ ದಯೆಗಳ ಪಟ್ಟಿಯಲ್ಲಿ ಇಟ್ಟಿದ್ದೇನೆ.

ಅಧ್ಯಾಯ ಬರೆಯುವಾಗ ಒಂದು ಮಧ್ಯಾಹ್ನ ಅವಳಾಗಿಯೇ ಎರಡು ಲೋಟ ಚಹಾ ತಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಲಕೋಟೆ ಒಡೆದ ಮೇಲೂ ನಮ್ಮ ನಡುವೆ ಬೇಕಾದಷ್ಟೇ ಮಾತು ಇತ್ತು.

"ಆಂಟಿ, ಮೊದಲನೇ ಬಾಡಿದ ಎಲಿ ಗುರುವಾರ ಯಾಕ ಕಿತ್ತಿದ್ರಿ ಅಂತ ಬರೀಲೇನ್ರಿ?"

"ಇದ್ದಿದ್ದು ಬರಿಯಮ್ಮ."

"ಬರದೆ ಅಂದ್ರ ಎಲ್ಲಾರೂ ಓದ್ತಾರ್ರಿ."

"ಓದ್ಲಿ."

ಚಹಾ ಕುಡಿದು ಲೋಟ ನನ್ನ ಸಿಂಕಿಗೇ ಹಾಕಿ ಹೋದಳು, ಮೊದಲಿನ ಹಾಗೆ. ತೊಳೆದಿಟ್ಟೆ.

ರಸಾಯನಶಾಸ್ತ್ರದವರ ಹೊಸ ವೇಳಾಪಟ್ಟಿಯಲ್ಲಿ ಶುಕ್ರವಾರ ಮತ್ತೆ ನಮ್ಮ ಪಾಲಿಗೆ ಬಂದಿದೆ. ರಿಜಿಸ್ಟರಿನಲ್ಲಿ ಮೇಡಂ ಎರಡು ಕಾಲಂ ಹೊಸದಾಗಿ ಎಳೆಸಿದ್ದಾರೆ: ಕಿತ್ತ ದಿನ ಮತ್ತು ಹೊತ್ತು, ಕ್ರಮ ಬದಲಾಗಿದ್ದರೆ ಕಾರಣ. ಮೊದಲ ಶುಕ್ರವಾರ ಹದಿನಾಲ್ಕನೇ ಸೀಸೆಯ ಎದುರಿಗೆ ಬರೆದೆ: "ಗುರುವಾರ ಸಂಜೆ 5.10. ಕಾರಣ: ಶುಕ್ರವಾರ ಕೀಳುವುದಿಲ್ಲ." ವಾರದ ಕೊನೆಯಲ್ಲಿ ಸಹಿಗೆ ಕೊಟ್ಟೆ. ಮೇಡಂ ಸಾಲು ಸಾಲಾಗಿ ಬೆರಳಿಟ್ಟು ಓದುತ್ತಾ ಬಂದು ಅಲ್ಲಿ ನಿಂತರು. ಹೇಳಿದ್ದಂತೆ ನಕ್ಕರು. ನಕ್ಕು, ಸಹಿ ಹಾಕಿದರು.